ಯಜಮಾನರು ಏರಿದ ಜಲಪಾತ

ಗ್ರೀನ್‌ಫರ್ಡಿನ ನಮ್ಮ ಫ್ಲ್ಯಾಟು ಎರಡನೇ ಮಹಡಿಯಲ್ಲಿದೆ. ಲಿಫ್ಟ್ ಕೆಟ್ಟ ದಿನ ನಮ್ಮ ಯಜಮಾನರು ಕೆಳಗಿಂದಲೇ ಫೋನ್ ಮಾಡಿ, "ಇವತ್ತ ಹೊರಗ ಊಟಾ ಮಾಡೂಣೇನು?" ಎನ್ನುತ್ತಾರೆ. ಅಂಥವರು ಹೋದ ಬೇಸಿಗೆಯಲ್ಲಿ ನಾರ್ವೆಗೆ ಹೊರಟಾಗ ಜಲಪಾತ ಏರುವ ಪಣ ತೊಟ್ಟರು.

ನಾವು ಉಳಿದುಕೊಂಡದ್ದು ಫ್ಯೋರ್ಡಿನ ದಂಡೆಯ ಒಂದು ಪುಟ್ಟ ಹಳ್ಳಿಯಲ್ಲಿ. ಸಮುದ್ರ ಎರಡು ಬೆಟ್ಟಗಳ ನಡುವೆ ಬಹುದೂರ ಒಳಗೆ ಬಂದು, ಸಾಕಾಗಿ ಅಲ್ಲಿ ನಿಂತಂತಿತ್ತು. ಹಳ್ಳಿಯ ಬೆನ್ನಿಗೇ ಜಲಪಾತ. ಅದು ಒಂದೇ ಜಿಗಿತಕ್ಕೆ ಬೀಳುವುದಿಲ್ಲ. ಬಂಡೆಯಿಂದ ಬಂಡೆಗೆ ನಾಲ್ಕು ಹಂತಗಳಲ್ಲಿ ಇಳಿಯುತ್ತದೆ. ಪಕ್ಕದಲ್ಲೇ ತುದಿಯವರೆಗೆ ಕಾಲುದಾರಿ.

"ನನ್ನ ಚಿಂತಿ ಬಿಡು. ನೀ ನಿನ್ನ ಉಸಿರು ನೋಡ್ಕೋ," ಎಂದು, ನಾನು ಕೇಳುವ ಮೊದಲೇ, ಯಜಮಾನರು ಮುಂದೆ ನಡೆದರು.

ಮೊದಲ ಹಂತ ದಾಟುವಷ್ಟರಲ್ಲಿ ಅವರಿಗೆ ಫೋಟೊ ತೆಗೆಯುವ ಆಸೆ ವಿಪರೀತವಾಯಿತು. ಹತ್ತು ಹೆಜ್ಜೆಗೊಂದು ಫೋಟೊ: ಪಾಚಿಯದು, ಬೇಲಿಯದು, ಕೊನೆಗೆ ನನ್ನ ಬೆನ್ನಿನದು. ಎರಡನೇ ಹಂತದಲ್ಲಿ ಒಂದು ಬೆಂಚು ಸಿಕ್ಕಿತು. ಅಲ್ಲಿ ಊರಿನ ಒಬ್ಬ ಅಜ್ಜಿ ನಾಯಿಯೊಂದಿಗೆ ಕೂತಿದ್ದಳು. ಇವರೂ ಕುಸಿದು ಕೂತರು. "ನೀರು ಎಲ್ಲಾ ಕಡೆ ಒಂದ ನೋಡು. ನೀ ಹೋಗಿ ಬಾ."

ನಗುತ್ತಲೇ ಹೊರಟೆ. ಮೂರನೇ ಹಂತದಲ್ಲಿ ನಗು ನಿಂತಿತು. ಎರಚುವ ನೀರಿಗೆ ಕನ್ನಡಕ ಮಬ್ಬಾಗಿ, ಕಲ್ಲು ಹಿಡಿದು ಹಿಡಿದು ಏರಬೇಕಾಯಿತು. ಆಗ ನೆನಪಾಯಿತು, ಅವರ ಮುಖ ಎಷ್ಟು ಕೆಂಪಾಗಿತ್ತು! ಎದೆನೋವೇನಾದರೂ ಇತ್ತೋ? ನನಗೆ ಹೇಳದೆ ಕೂತರೋ? ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಇಳಿಯೋಣವೆಂದರೆ ಆ ಜಾರುವ ಕಲ್ಲುಗಳು, ತುದಿಯೇ ಹತ್ತಿರವಿತ್ತು. ಅಲ್ಲಿ ಜನರಿರುತ್ತಾರೆ, ಯಾರನ್ನಾದರೂ ಸಹಾಯಕ್ಕೆ ಕರೆಯೋಣ ಎಂದು ಏದುಸಿರು ಬಿಡುತ್ತಾ ಏರಿದೆ.

ತುದಿಯ ಕಾಫಿ ಅಂಗಡಿಯ ಮುಂದೆ, ಒಂದು ಕೂದಲೂ ತೋಯದೆ, ಅದೇ ಅಜ್ಜಿಯ ಪಕ್ಕದಲ್ಲಿ ನಮ್ಮ ಯಜಮಾನರು ವಾಫಲ್ ತಿನ್ನುತ್ತಿದ್ದರು.

"ಯಾಕ ಇಷ್ಟ ತಡಾ ಮಾಡಿದಿ?"

ಬೆಂಚಿನ ಹಿಂದೆಯೇ ರಸ್ತೆಯಂತೆ. ಮೇಲಕ್ಕೆ ಬಸ್ಸು ಬರುತ್ತದಂತೆ. ಅಜ್ಜಿ ಕರೆದಳಂತೆ. ಫೋನು? ಫೋಟೊ ಮುಗಿದ ಮೇಲೆ ಚೀಲದ ತಳ ಸೇರಿತ್ತಂತೆ.

ಬೈಯಲು ಬಾಯಿ ತೆರೆದವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ.

"ಅಳಾಕತ್ತೀಯೇನು?"

"ಇಲ್ಲ, ಜಲಪಾತದ ನೀರು!" ಎಂದೆ. ಅವರು ತಮ್ಮ ಜಾಕೆಟ್ಟು ಬಿಚ್ಚಿ ನನಗೆ ಹೊದಿಸಿದರು. ಉಳಿದರ್ಧ ವಾಫಲನ್ನೂ ಕೊಟ್ಟರು. ಅಜ್ಜಿ ನಾಯಿಯ ಕಡೆ ತಿರುಗಿ ನಗು ನುಂಗಿಕೊಂಡಳು.

ಮರಳಿ ಬಂದ ತಿಂಗಳ ನಂತರ, ನಮ್ಮ ಪಕ್ಕದ ವೆಂಬ್ಲಿಯಲ್ಲಿ ಗೆಳೆಯರೊಬ್ಬರ ಮನೆಯ ಊಟ. ಬೇರೆ ಬೇರೆ ಊರಿನವರು ಸೇರಿದರೆ ಇವರ ಧಾರವಾಡದ ಮಾತು ತಾನಾಗಿ ಬೆಂಗಳೂರಿಗೆ ಹೋಗಿಬಿಡುತ್ತದೆ. "ನಾಲ್ಕು ಹಂತ ಸ್ವಾಮಿ! ನಾವಿಬ್ಬರೂ ತುದಿ ಮುಟ್ಟಿದ್ವಿ," ಎಂದರು. ಎಲ್ಲರೂ ನನ್ನತ್ತ ನೋಡಿದರು.

"ಹೌದು, ನನಗಿಂತ ಮೊದಲೇ ಮುಟ್ಟಿದ್ದರು," ಎಂದೆ.

ಅವರು ತಲೆ ತಗ್ಗಿಸಿ, ಎರಡನೇ ಸಲ ಮೊಸರನ್ನ ಹಾಕಿಸಿಕೊಂಡರು.