ಹಗುರ ಕೊಳವೆಗೆ ಮರದ ಬಿಲ್ಲೆ

ಅತ್ತಿಗೆ ಇಪ್ಪತ್ತೆಂಟು ವರ್ಷ ದೋಣಿ ಮಾಡುವ ಶೆಡ್ಡಿನಲ್ಲಿ ಗಾಜಿನ ನಾರಿನ ಬಟ್ಟೆಗೆ ಅಂಟು ಬಳಿದವಳು. ಯಾವ ಹಲಗೆ ಎಷ್ಟು ಭಾರ ತಡೆಯುತ್ತದೆಂದು ಬೆರಳಲ್ಲಿ ತಟ್ಟಿಯೇ ಹೇಳುವಳು. ಅಂಥವಳನ್ನು ಒಂದು ಮಾತು ಕೇಳಬೇಕೆಂದು ಅವಳ ಮೈದುನನಿಗೆ ತೋಚಲೇ ಇಲ್ಲ. ಅವನು ಶಾಲೆಯ ಪ್ರಯೋಗಾಲಯದಲ್ಲಿ ಸೀಸೆ ತೊಳೆದು ನಿವೃತ್ತನಾದವನು. ವಿಜ್ಞಾನವೆಲ್ಲ ತನ್ನ ಜೇಬಿನಲ್ಲಿದೆ ಎಂಬಂತೆ ನಡೆಯುತ್ತಿದ್ದ. ಕಂಡದ್ದನ್ನೆಲ್ಲ ತಕ್ಕಡಿಗೆ ಹಾಕುವ ಚಟಕ್ಕೆ ಮನೆಯವರು ಅವನನ್ನು ತೂಕದಪ್ಪ ಎನ್ನುತ್ತಿದ್ದರು.

ಎರಡು ವರ್ಷ ಗಾಜು ಉಜ್ಜಿ ಅವನು ದೂರದರ್ಶಕಕ್ಕೊಂದು ಕನ್ನಡಿ ಮಾಡಿದ್ದ. ಅವನ ಜನ್ಮದಲ್ಲಿ ನೆಟ್ಟಗೆ ಆದ ಕೆಲಸ ಅದೊಂದೇ. ಈಗ ಕೈ ನಡುಗಲು ಹತ್ತಿದ್ದರಿಂದ ಇನ್ನೊಂದು ಉಜ್ಜುವ ಮಾತಿರಲಿಲ್ಲ. ಅದನ್ನು ಹೊರುವ ಕೊಳವೆಗೆ ಪ್ಲೈವುಡ್ ಒರಟಂತೆ, ಗಾಜಿನ ನಾರು ಭಾರವಂತೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೆ ಆರಿಸಿದ್ದು ನಡುವೆ ಥರ್ಮಾಕೋಲಿನಂಥ ನೊರೆಹಲಗೆ, ಎರಡೂ ಬದಿಗೆ ಕಾಗದದಷ್ಟು ತೆಳುವಾದ ಕಾರ್ಬನ್ ಬಟ್ಟೆ. ಆಯ್ಕೆ ಕೆಟ್ಟದ್ದಲ್ಲ, ಆರಿಸಿದವನ ತಲೆ ಕೆಟ್ಟದ್ದು. ಅಂಥ ಎಂಟು ಹಲಗೆ ಕೊಂಡು ಜೋಡಿಸಿ ಕೊಳವೆ ಮಾಡಿ, ಕನ್ನಡಿ ಕೂರುವ ತೊಟ್ಟಿಲನ್ನು ಅದಕ್ಕೆ ನೇರವಾಗಿ ನಾಲ್ಕು ಸ್ಕ್ರೂ ಹೊಡೆದು ನಿಲ್ಲಿಸಿದ.

ಕನ್ನಡಿ ಕೂರಿಸುವ ದಿನ ಅತ್ತಿಗೆ ಬಂದಳು. ಸ್ಕ್ರೂ ಇಳಿದಲ್ಲಿ ಮರದ ಬಿಲ್ಲೆ ಹುದುಗಿಸಿದೆಯಾ ಎಂದು ಕೇಳಿದಳು. ದೋಣಿಯಲ್ಲಿ ಬೋಲ್ಟು ಬರುವ ಕಡೆಯೆಲ್ಲ ನೊರೆ ಕೆತ್ತಿ ತೆಗೆದು ಮರ ತುಂಬುತ್ತಾರೆ. ಇಲ್ಲದಿದ್ದರೆ ಹಿಡಿತವೇ ಇರದು.

ಅವನು ನಕ್ಕ. "ಇದು ನಿಮ್ಮ ದೋಣಿ ಅಲ್ಲ ಅತ್ತಿಗೆ. ಒಂದೊಂದು ಬಿಲ್ಲೆ ಹದಿನೈದು ಗ್ರಾಂ ತೂಗುತ್ತೆ."

"ಕನ್ನಡಿ ಎಷ್ಟು ತೂಗುತ್ತಪ್ಪಾ?"

"ನಾಲ್ಕು ಕೆಜಿ."

"ಹಾಗಾದ್ರೆ ಅದನ್ನ ಕೆಳಗಿಡು. ಮೊದಲು ಆ ತೊಟ್ಟಿಲಿಗೆ ನಾನು ಜೋತು ಬೀಳ್ತೀನಿ."

ಜೋತು ಬೀಳುವುದೇ ಬೇಕಾಗಲಿಲ್ಲ. ತೊಟ್ಟಿಲನ್ನು ಒಂದೇ ಕೈಯಲ್ಲಿ ಜಗ್ಗಿದಳು. ನಾಲ್ಕೂ ಸ್ಕ್ರೂ ನೊರೆಪುಡಿ ಸಮೇತ ಹಾಲುಹಲ್ಲಿನ ಹಾಗೆ ಉದುರಿದವು. ಹೊರಗೆ ಥಳಕು, ಒಳಗೆ ಹುಳುಕು. ತೂಕದಪ್ಪ ಕನ್ನಡಿಯನ್ನು ಎದೆಗವಚಿಕೊಂಡು ಗೋಡೆಗೆ ಒರಗಿದ.

ಅವಳು ಉಳಿ ತರಿಸಿದಳು. ಅವನ ಕೈಯಲ್ಲೇ ನೊರೆ ಕೆತ್ತಿಸಿ, ಮರ ತುಂಬಿಸಿ, ಮೇಲೆ ಎರಡು ಪದರ ಬಟ್ಟೆ ಅಂಟಿಸಿದಳು. ಸೀಸೆ ತೊಳೆದ ಕೈಗೆ ಅಂಟಿನ ಬ್ರಷ್ಷು ಹಿಡಿಯಲೂ ಬರುತ್ತಿರಲಿಲ್ಲ. ಮೂರನೆಯ ದಿನ ಒಣಗಿದ ಮೇಲೆ ಹೊಸದಾಗಿ ಸ್ಕ್ರೂ ಹಾಕಿ ಎರಡೂ ಕೈಯಿಂದ ಜಗ್ಗಿದಳು. ತೊಟ್ಟಿಲು ಮಿಸುಕಲಿಲ್ಲ.

ತೂಕದಪ್ಪ ಕನ್ನಡಿ ಎತ್ತಿದ. ಅದು ಕೈಯಲ್ಲಿ ನಡುಗಿತು. ಅವಳತ್ತ ಚಾಚಿ, "ನೀವೇ ಕೂರಿಸಿಬಿಡಿ ಅತ್ತಿಗೆ," ಎಂದ.

ಇವನಿಗೆ ಇಷ್ಟು ಬುದ್ಧಿ ಬರಲು ಅರವತ್ತೈದು ವರ್ಷ ಬೇಕಾಯಿತು ಎಂದುಕೊಂಡು ಅವಳು ಕನ್ನಡಿ ಮುಟ್ಟುವ ಮುಂಚೆ ಕೈ ತೊಳೆಯಲು ಹೋದಳು.