ನಾಯಕನ ಕೈಗೆ ಬಂದ ಕೊಡಲಿ

ಒಮಿನೆ ಒಸಾಕಾ ಬಂದರಿನಲ್ಲಿ ಚಿತ್ರಗಳಿಗೆ ಮರದ ಅಚ್ಚು ಕೆತ್ತುತ್ತಿದ್ದಳು. ಅವಳ ಗಂಡ ತಸುಕೆ ಹಾಯಿಹಡಗಿನ ನಾವಿಕ. ಒಂದು ಬಿರುಗಾಳಿಯ ದಿನ ಅವನು ಹಡಗಿನ ಹಿಂದೆ ಕಟ್ಟಿದ್ದ ದೋಣಿಯಲ್ಲಿದ್ದ. ಹಡಗು ಹಗುರಾಗಲೆಂದು ನಾಯಕ ಗೊನ್ರೊಕು ದೋಣಿಯ ಹಗ್ಗವನ್ನು ಕೊಡಲಿಯಿಂದ ಕಡಿದುಬಿಟ್ಟ. ತಸುಕೆ ಮುಳುಗಿದ, ಹಡಗಿನ ಅಕ್ಕಿಮೂಟೆಗಳು ದಡ ಸೇರಿದವು. ಮರೆಯಿಂದ ಕಂಡಿದ್ದ ಹಡಗಿನ ಅಡುಗೆಯವ ಒಮಿನೆಗೆ ಮಾತ್ರ ಹೇಳಿದ. ಸರಕು ಉಳಿಸಿದನೆಂದು ಊರು ಗೊನ್ರೊಕುವನ್ನು ಹೊಗಳಿತು.

ಮರುವರ್ಷ ಆ ಹಡಗಿನ ಚಿತ್ರ ಕೆತ್ತುವ ಕೆಲಸ ಅವಳಿಗೇ ಬಂತು. ಚಿತ್ರಕಾರ ನಾಯಕನನ್ನು ಬರಿಗೈಯಲ್ಲಿ ನಿಲ್ಲಿಸಿದ್ದ. ಒಮಿನೆ ಅವನ ಕೈಗೊಂದು ಕೊಡಲಿ ಕೆತ್ತಿದಳು, ಹಡಗಿನ ಹಿಂದೆ ತುಂಡಾದ ಹಗ್ಗವನ್ನೂ ಕೆತ್ತಿದಳು.

ಚಿತ್ರ ಮಾರುವ ಅಂಗಡಿಯ ಯಜಮಾನ ನೋಡಿ ನಕ್ಕ. "ಇದ್ರಲ್ಲೇನೋ ಕಥೆ ಇದೆ ಕಣಮ್ಮ. ಚೆನ್ನಾಗಿ ಖರ್ಚಾಗುತ್ತೆ, ಇರ್ಲಿ ಬಿಡು."

ಚಿತ್ರ ಬಂದರಿಡೀ ಹರಡಿತು. ಗೊನ್ರೊಕು ಅವಳ ಬಾಗಿಲು ಒದ್ದುಕೊಂಡು ಬಂದ.

"ನನ್ನ ಕೈಗೆ ಕೊಡಲಿ ಯಾಕೇ ಕೊಟ್ಟೆ?"

"ನಾನೆಲ್ಲಿ ಕೊಟ್ಟೆ ನಾಯಕ್ರೇ? ಅವತ್ತು ನಿಮ್ಮ ಕೈಯಲ್ಲೇ ಇತ್ತಲ್ಲ."

"ಅವತ್ತು ನೋಡಿದೋರು ಒಬ್ರೂ ಇರ್ಲಿಲ್ಲ!" ಎಂದು ಅವನು ಕಿರುಚಿಬಿಟ್ಟ.

ಬೀದಿಯೆಲ್ಲ ಕೇಳಿಸಿಕೊಂಡಿತು. ಆಮೇಲೆ ಒಬ್ಬ ನಾವಿಕನೂ ಅವನ ಹಡಗು ಹತ್ತಲಿಲ್ಲ. ಅದು ದಡದಲ್ಲೇ ಕೊಳೆಯತೊಡಗಿತು. ಒಮಿನೆ ದಿನವೂ ಹೋಗಿ ಅದನ್ನು ಕಣ್ತುಂಬ ನೋಡಿ, ಹೊಟ್ಟೆ ತಣ್ಣಗೆ ಮಾಡಿಕೊಂಡು ಬರುತ್ತಿದ್ದಳು.