ಕೈ ಎಣಿಸಿದ ಮೇಷ್ಟ್ರು

ಅವರ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಬ್ಬಿನ ಗಾಡಿಯಿಂದ ಬಿದ್ದು ಮುರಿದ ತೋಳಿಗೆ ಊರಿನವರೇ ಯಾರೋ ಪಟ್ಟು ಹಾಕಿ ಕಟ್ಟಿದ್ದರಂತೆ. ಮೂಳೆ ಕೂಡಿತು, ಕೈ ಮಾತ್ರ ಅಲ್ಲಿಗೇ ನಿಂತಿತು. ಹಾಗಾಗಿ ಅವರು ಪಾಠ ಮುಗಿಸಿ ಹೋದ ಕ್ಲಾಸಿನಲ್ಲಿ ಕರಿಹಲಗೆಯ ಕೆಳಗಿನರ್ಧ ಅಕ್ಷರಗಳಿಂದ ತುಂಬಿರುತ್ತಿತ್ತು, ಮೇಲಿನರ್ಧ ಖಾಲಿ. ಮುಂದಿನ ಪೀರಿಯಡ್ಡಿಗೆ ಹಿಂದಿ ಪಾಠಕ್ಕೆ ಹೋಗುತ್ತಿದ್ದ ನಾನು ಆ ಖಾಲಿ ಜಾಗದಲ್ಲೇ ಬರೆದು ಮುಗಿಸುತ್ತಿದ್ದೆ. ಅವರದನ್ನು ಅಳಿಸಲು ಮನಸ್ಸು ಬರುತ್ತಿರಲಿಲ್ಲ.

ಮಳವಳ್ಳಿಯಲ್ಲಿ ಒಂದು ಖಾಸಗಿ ಪ್ರೌಢಶಾಲೆ ಅದು. ಅವರು ಪೌರನೀತಿ, ಚರಿತ್ರೆ ಹೇಳಿಕೊಡುವ ಮೇಷ್ಟ್ರು. ದುದ್ದದ ಕಡೆಯ ಒಕ್ಕಲು ಮನೆತನ. ಕ್ಲಾಸಿನಲ್ಲಿ ಅಚ್ಚು ಹಾಕಿದಂಥ ಗ್ರಾಂಥಿಕ ಕನ್ನಡ ಆಡುತ್ತಿದ್ದವರು ಸ್ಟಾಫ್ ರೂಮಿನ ಹೊಸ್ತಿಲು ದಾಟಿದ ಕೂಡಲೇ ಊರಿನ ಮಾತಿಗೆ ಇಳಿದುಬಿಡುತ್ತಿದ್ದರು. ನಾನು ಅರ್ಚಕರ ಮನೆಯ ಹುಡುಗಿ, ಇಪ್ಪತ್ತಮೂರು ವರ್ಷ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮೊದಲ ದಿನ ಎಲ್ಲಿ ಕೂರಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತಿದ್ದಾಗ ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಭೂಪಟಗಳನ್ನೆಲ್ಲ ನೆಲಕ್ಕಿಳಿಸಿ ಜಾಗ ಮಾಡಿಕೊಟ್ಟವರು ಅವರು.

ಎಲ್ಲವನ್ನೂ ಕೈ ಎತ್ತಿಸಿ ತೀರ್ಮಾನಿಸಬೇಕು ಎನ್ನುವ ಹುಚ್ಚು ಅವರಿಗೆ. ಪ್ರವಾಸ ಶಿವನಸಮುದ್ರಕ್ಕೋ ಕನ್ನಂಬಾಡಿಗೋ, ಬೀಳ್ಕೊಡುಗೆಗೆ ಮದ್ದೂರಿನಿಂದ ವಡೆ ತರಿಸುವುದೋ ಇಲ್ಲೇ ಬೋಂಡ ಕರಿಸುವುದೋ, ಎಲ್ಲಕ್ಕೂ ಸಭೆ. ಸಿಬ್ಬಂದಿ ಸಭೆಯ ಕಾರ್ಯದರ್ಶಿ ಅವರೇ, ನಡಾವಳಿ ಪುಸ್ತಕ ಬರೆಯುವವರೂ ಅವರೇ. ನಾವು ಹಿಂದಿನಿಂದ ನಗುತ್ತಿದ್ದೆವು, ಆದರೂ ಸಭೆಗೆ ಯಾರೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಹೆಡ್‌ಮಾಸ್ಟರ ಕೈಗೂ ಜವಾನನ ಕೈಗೂ ಅಲ್ಲಿ ಒಂದೇ ಲೆಕ್ಕ ಎನ್ನುವುದು ಒಳಗೊಳಗೇ ಎಲ್ಲರಿಗೂ ಖುಷಿ ಕೊಡುತ್ತಿತ್ತು.

ಸಭೆಗೆಂದು ಅವರು ಏಳು ನಿಯಮ ಬರೆದಿದ್ದರು. ಮೂರನೆಯದು, ಯಾರ ಮೇಲೆ ದೂರಿದೆಯೋ ಅವರ ಮಾತು ಕೇಳದೆ ತೀರ್ಮಾನ ಮಾಡಕೂಡದು. ಏಳನೆಯದು, ಮೂರರಲ್ಲಿ ಎರಡು ಪಾಲು ಜನ ಒಪ್ಪಿದರೆ ಯಾವ ನಿಯಮವನ್ನಾದರೂ ತೆಗೆದುಹಾಕಬಹುದು. ಈ ಏಳನೆಯದು ಬೇಡ, ಇದರಿಂದ ಮಿಕ್ಕ ಆರೂ ಹಾರಿಹೋಗುತ್ತವೆ ಎಂದು ಗಣಿತದ ಮೇಷ್ಟ್ರು ಆಗಲೇ ತಕರಾರು ತೆಗೆದಿದ್ದರಂತೆ. ಅದಕ್ಕೆ ಇವರು, ನಮ್ಮ ಜನ ಅಷ್ಟು ಕೆಟ್ಟವರಲ್ಲ ಎಂದು ನಕ್ಕುಬಿಟ್ಟರಂತೆ. ಅವರು ಜೀವನದಲ್ಲಿ ಮಾಡಿದ ದೊಡ್ಡ ತಪ್ಪು ಅದೊಂದೇ ಎಂದು ನಾನು ತಿಳಿದಿದ್ದೇನೆ.

ತುರ್ತು ಪರಿಸ್ಥಿತಿ ಬಂತು. ಪೇಪರಿನಲ್ಲಿ ಒಳ್ಳೆಯ ಸುದ್ದಿ ಬಿಟ್ಟು ಬೇರೇನೂ ಬರದಾಯಿತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಜನ ಮಳೆ, ಬೆಳೆ ಅಷ್ಟೇ ಮಾತಾಡತೊಡಗಿದರು. ಎಲ್ಲವೂ ಸಂವಿಧಾನದ ಪ್ರಕಾರವೇ ನಡೆದಿದೆಯಲ್ಲ, ಮತ್ತೇನು ತಕರಾರು ಎಂದು ನಾನು ಒಮ್ಮೆ ಮೇಷ್ಟ್ರನ್ನು ಕೇಳಿದೆ. ನಿಜವಾಗಿಯೂ ತಿಳಿಯದೆ ಕೇಳಿದ್ದು. ಅವರು ಟೀ ಲೋಟ ಕೆಳಗಿಟ್ಟರು.

“ದೊರೆ ಇಲ್ದಿದ್ರೆ ಗಣರಾಜ್ಯ ಆಯ್ತದೆ, ಬರೆದಿಟ್ಟ ಪುಸ್ತಕ ಇದ್ರೆ ಸಂವಿಧಾನ ಆಯ್ತದೆ. ಏನೂ ಇಲ್ದೋನೊಬ್ಬ ಎದ್ ನಿಂತ್ಕಂಡು ಆಗಕಿಲ್ಲ ಅಂದು, ಅವತ್ತೂ ತನ್ನ ಮನೇಲೇ ಮನಿಕೊಳೋ ಅಂಗಿದ್ರೆ ಅದು ಪ್ರಜಾಪ್ರಭುತ್ವ ಕಣಮ್ಮ. ಮೊದ್ಲಿನ ಎರಡೂ ಅವೆ ಈಗ. ಮೂರ್ನೇದು ಎಲ್ಲದೆ ತೋರ್ಸು.”

ಆ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂಬತ್ತನೇ ತರಗತಿಗೆ ಅವರು ಒಂದು ಪ್ರಶ್ನೆ ಕೊಟ್ಟರು: ಸಂವಿಧಾನವಿರುವ ಗಣರಾಜ್ಯವೆಲ್ಲವೂ ಪ್ರಜಾಪ್ರಭುತ್ವವೇ? ನಿಮ್ಮ ಮಾತಿನಲ್ಲಿ ಬರೆಯಿರಿ. ಆಡಳಿತ ಮಂಡಳಿಯ ಸದಸ್ಯರೊಬ್ಬರು ತಮ್ಮ ಮಗಳ ಕೈಯಲ್ಲಿದ್ದ ಪ್ರಶ್ನೆಪತ್ರಿಕೆ ನೋಡಿ ಬೆವೆತುಹೋದರು. ಪೊಲೀಸರು ಕೇಳುವ ಮೊದಲೇ ಮೇಷ್ಟ್ರನ್ನು ಕಳಿಸಿಬಿಡಬೇಕು ಎಂದು ಮಂಡಳಿಯವರು ಗೊತ್ತು ಮಾಡಿಕೊಂಡರು. ಆದರೆ ಪಾಪ ತಮ್ಮ ತಲೆಗೆ ಬರಬಾರದಲ್ಲ, ಅದಕ್ಕೆ ಸಹೋದ್ಯೋಗಿಗಳೇ ಈತ ಬೇಡವೆಂದು ಒಂದು ಠರಾವು ಮಾಡಿಕೊಡಲಿ ಎಂದರು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಸಭೆ ಸೇರಿತು. ಹೆಡ್‌ಮಾಸ್ಟರು ಕೆಟ್ಟವರೇನಲ್ಲ, ಎದುರಿಗಿದ್ದವರ ಮುಖ ನೋಡದೆ ಮಾತಾಡಿದರು. ಮೊದಲು ಏಳನೆಯ ನಿಯಮದ ಪ್ರಕಾರ ಮೂರನೆಯ ನಿಯಮವನ್ನು ತೆಗೆದುಹಾಕುವ ಸೂಚನೆ ಬಂತು. ಕೈಗಳು ಎದ್ದವು, ಆ ನಿಯಮ ಹೋಯಿತು. ಹೋದ ಮೇಲೆ ಮೇಷ್ಟ್ರ ಮಾತು ಕೇಳುವ ಅಗತ್ಯವೇ ಉಳಿಯಲಿಲ್ಲ. ಆಮೇಲೆ ಅವರು ಈ ಶಾಲೆಗೆ ತಕ್ಕವರಲ್ಲ ಎನ್ನುವ ಠರಾವು. ಯಾರೂ ಕಾರ್ಯದರ್ಶಿಯನ್ನು ಬದಲಾಯಿಸಿರಲಿಲ್ಲ, ಹಾಗಾಗಿ ಕೈ ಎಣಿಸಬೇಕಾದವರು ಅವರೇ, ಎಣಿಸುವವರಿಗೆ ಮತವಿಲ್ಲ. ಎದ್ದು ನಿಂತು, ಯಾವತ್ತಿನ ಹಾಗೆ ಪೆನ್ನಿನ ತುದಿಯಲ್ಲಿ ಒಂದೊಂದೇ ತೋರಿಸುತ್ತ ಎಣಿಸಿದರು. ತಕರಾರು ತೆಗೆದಿದ್ದ ಗಣಿತದ ಮೇಷ್ಟ್ರ ಕೈ ಎದ್ದಿತ್ತು. ನನ್ನದೂ ಎದ್ದಿತ್ತು. ನನ್ನ ಬೆನ್ನಿಗೆ ಇಬ್ಬರು ತಂಗಿಯರಿದ್ದರು, ಕೆಲಸ ಖಾಯಂ ಆಗಬೇಕಿತ್ತು, ಇದೆಲ್ಲ ನಿಜ. ಆದರೆ ಆ ಹೊತ್ತಿನಲ್ಲಿ ಅದ್ಯಾವುದೂ ನನ್ನ ನೆನಪಿಗೆ ಬರಲಿಲ್ಲ. ಎಲ್ಲರೂ ಎತ್ತಿದರು, ನಾನೂ ಎತ್ತಿದೆ.

ಪೆನ್ನು ನನ್ನ ಹತ್ತಿರ ಬಂದಾಗ ಒಂದು ಕ್ಷಣವೂ ನಿಲ್ಲಲಿಲ್ಲ. ಹನ್ನೊಂದು ಎಂದರು, ಪಕ್ಕದವರಿಗೆ ಹನ್ನೆರಡು ಎಂದರು.

ಎಣಿಕೆ ಮುಗಿದ ಮೇಲೆ, “ಬ್ಯಾಡ ಅನ್ನೋರು?” ಎಂದು ಕೇಳಿದರು. ಕೇಳಿ ಕಾದರು. ಹೊರಗೆ ಹಲಗೂರಿನ ಬಸ್ಸು ಹಾರನ್ ಮಾಡಿತು. ಹೆಡ್‌ಮಾಸ್ಟರು ಸಾಕು ಎನ್ನುವಂತೆ ಕೆಮ್ಮಿದರೂ ಅವರು ಇನ್ನೂ ಒಂದಷ್ಟು ಹೊತ್ತು ಪೆನ್ನು ಹಿಡಿದು ನಿಂತೇ ಇದ್ದರು. ಆಮೇಲೆ ಕೂತು ನಡಾವಳಿ ಬರೆದರು. ಓದಿ ಹೇಳಿದರು, ನಾವು ಸಹಿ ಮಾಡಿದೆವು. ಬೀರುವಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಭೂಪಟಗಳನ್ನು ಸುರುಳಿ ಸುತ್ತಿ ಮೂಲೆಗೆ ಒರಗಿಸಿ ಹೊರಟುಹೋದರು.

ಎಪ್ಪತ್ತೇಳರಲ್ಲಿ ಚುನಾವಣೆ ಆಯಿತು, ದೆಹಲಿಯಲ್ಲಿ ಸರ್ಕಾರ ಬದಲಾಯಿತು. ಅದೇ ಆಡಳಿತ ಮಂಡಳಿಯ ಸದಸ್ಯರು ಶಾಲೆಗೆ ಬಂದು ಪ್ರಜಾಪ್ರಭುತ್ವ ಮರಳಿ ಬಂದಿದೆ ಎಂದು ಭಾಷಣ ಮಾಡಿ ಲಾಡು ಹಂಚಿದರು. ನಾನೂ ತಿಂದೆ. ಮೇಷ್ಟ್ರನ್ನು ಮತ್ತೆ ಕರೆಸಬಹುದಲ್ಲ ಎಂದು ಹೆಡ್‌ಮಾಸ್ಟರ ಹತ್ತಿರ ಹೋಗಿ ಕೇಳಿದಾಗ ಅವರು ನಡಾವಳಿ ಪುಸ್ತಕ ತೆರೆದು ತೋರಿಸಿದರು. ಎಲ್ಲರೂ ಒಪ್ಪಿ ಮಾಡಿದ ಠರಾವು, ನಿಯಮ ಮೀರಿ ಏನೂ ನಡೆದಿಲ್ಲ, ಈಗ ಯಾವ ನೆಪ ಹೇಳಲಿ ಎಂದರು.

ಮುಂದಿನ ಭಾನುವಾರ ಮಂಡ್ಯಕ್ಕೆ ಹೋಗಿ, ಅಲ್ಲಿಂದ ಬಸ್ಸು ಬದಲಾಯಿಸಿ ದುದ್ದಕ್ಕೆ ಹೋದೆ. ಜಗುಲಿಯ ಮೇಲೆ ಕೂತಿದ್ದರು. ಹೊಲದ ಕೆಲಸಕ್ಕೆ ಆ ಕೈ ಬಾರದು, ಮಕ್ಕಳಿಗೆ ಪಾಠ ಹೇಳೋಣವೆಂದರೆ ಕಳಿಸಲು ಊರವರಿಗೆ ಇನ್ನೂ ಅಂಜಿಕೆ. ತೀರಾ ಇಳಿದುಹೋಗಿದ್ದರು. ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟು ಒಳಗೆ ಹೋದರು. ನಾನು ಅತ್ತೆ, ಕೈ ಎತ್ತಬಾರದಿತ್ತು ಎಂದೆ. ಎತ್ತದಿದ್ದರೆ ನನ್ನನ್ನೂ ಕಳಿಸುತ್ತಿದ್ದರು, ನಿಮ್ಮ ಕೆಲಸವಂತೂ ಉಳಿಯುತ್ತಿರಲಿಲ್ಲ ಎಂದೂ ಹೇಳಿಬಿಟ್ಟೆ. ಕ್ಷಮೆ ಕೇಳಲು ಹೋದವಳು ವಾದ ಮಾಡುತ್ತಿದ್ದೆ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ದಿಟ ಕಣಮ್ಮ. ನೀನ್ ಕೈ ಎತ್ತದೆ ಇದ್ದಿದ್ರೂ ನನ್ನ ಕಳಿಸ್ತಿದ್ರು,” ಎಂದರು. “ಆದ್ರೆ ಒಬ್ರು ಬ್ಯಾಡ ಅಂದ್ರು ಅಂತ ಬರ್ಕಬೋದಾಗಿತ್ತು ನಾನು. ಅದಕ್ಕೇ ಕಾಯ್ತಾ ನಿಂತಿದ್ದೆ.”

ಬಸ್ಸಿನವರೆಗೆ ಬಂದು ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟರು. ಆ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ತೀರಿಕೊಂಡರಂತೆ, ಕಾಗದ ಬರುವಷ್ಟರಲ್ಲಿ ತಿಥಿಯೂ ಮುಗಿದಿತ್ತು.

ನಾನು ಖಾಯಂ ಆದೆ, ಅದೇ ಶಾಲೆಯಲ್ಲಿ ನಿವೃತ್ತಳೂ ಆದೆ. ಅಷ್ಟು ವರ್ಷವೂ ಆ ಪುಸ್ತಕ ಸ್ಟಾಫ್ ರೂಮಿನ ಬೀರುವಿನಲ್ಲೇ ಇತ್ತು. ವಿರೋಧ: ಯಾರೂ ಇಲ್ಲ ಎಂದು ಅವರ ಗುಂಡನೆಯ ಅಕ್ಷರದಲ್ಲಿದ್ದ ಸಾಲನ್ನು ಎಷ್ಟು ಸಲ ತೆಗೆದು ನೋಡಿದ್ದೇನೋ. ಅದನ್ನು ಹೊಡೆದುಹಾಕಿ ನನ್ನ ಹೆಸರು ಬರೆದುಬಿಡೋಣ ಎಂದು ಒಂದೆರಡು ಸಲ ಪೆನ್ನಿನ ಟೋಪಿಯನ್ನೂ ಬಿಚ್ಚಿದ್ದೆ. ಬರೆಯಲಾಗಲಿಲ್ಲ. ಅಷ್ಟು ದಪ್ಪ ಪುಸ್ತಕದಲ್ಲಿ ಅವರು ಒಂದು ಸುಳ್ಳನ್ನೂ ಬರೆದಿರಲಿಲ್ಲ.